ಪಾಠ ಹೇಳುವ ಡಾಕ್ಟರ್‌ಗೆ ಪಾಠ ಹೇಳೋರು ಯಾರು?

2024ರಲ್ಲಿ ಟಿ20 ವಿಶ್ವಕಪ್ ಗೆದ್ದ ರಾತ್ರಿ ನೆನಪಿದೆಯಲ್ಲ? ನಮ್ಮ ರಾಹುಲ್ ದ್ರಾವಿಡ್ ಕೈಗೆ ಕಪ್ ಬಂತು. ಆ ಟೂರ್ನಿಯಲ್ಲಿ ಅವರು ಒಂದು ರನ್ನೂ ಹೊಡೆದಿರಲಿಲ್ಲ. ಆದರೂ ಇವರಿಗ್ಯಾಕೆ ಕಪ್ ಅಂತ ನೀವ್ಯಾರೂ ಕೇಳಲಿಲ್ಲ. ಎಂಥ ಆಟಗಾರನಿಗೂ ಹೊರಗೆ ನಿಂತು ನೋಡುವ ಒಂದು ಕಣ್ಣು ಬೇಕು ಅನ್ನೋದು ನಮಗೆಲ್ಲ ಗೊತ್ತು.

ಹಾಗಾದರೆ ಸರ್ಜನ್‌ಗೆ? ಮೆಡಿಕಲ್ ಕಾಲೇಜಿನ ಪ್ರೊಫೆಸರ್‌ಗೆ?

ಅತುಲ್ ಗವಾಂಡೆ ಅಂತ ಅಮೆರಿಕದ ಬೋಸ್ಟನ್‌ನ ಹೆಸರಾಂತ ಸರ್ಜನ್. ಅಪ್ಪ, ಅಮ್ಮ ಇಬ್ಬರೂ ಭಾರತದಿಂದ ಹೋದ ಡಾಕ್ಟರ್‌ಗಳು. ತಮ್ಮ ಕೈಚಳಕ ಒಂದು ಹಂತಕ್ಕೆ ಬಂದು ನಿಂತುಬಿಟ್ಟಿದೆ ಅಂತ ಅವರಿಗೆ ಅನ್ನಿಸಿತು. ತಮಗೆ ಹಿಂದೆ ಕಲಿಸಿದ್ದ ನಿವೃತ್ತ ಸರ್ಜನ್ ರಾಬರ್ಟ್ ಆಸ್ಟೀನ್ ಅವರನ್ನು ಆಪರೇಷನ್ ಥಿಯೇಟರ್‌ಗೆ ಕರೆದರು. 'ಸುಮ್ಮನೆ ನಿಂತು ನೋಡಿ, ಆಮೇಲೆ ಹೇಳಿ' ಅಂದರು.

ಥೈರಾಯ್ಡ್ ಆಪರೇಷನ್ ಚೆನ್ನಾಗೇ ಆಯಿತು. ಆದರೆ ಆಸ್ಟೀನ್ ಬಹಳಷ್ಟು ಗುರುತು ಹಾಕಿಕೊಂಡಿದ್ದರು. ಮೊಣಕೈ ಆಗಾಗ ಮೇಲೇಳುತ್ತಿತ್ತು. ದೀಪದ ಬೆಳಕು ಗಾಯದಿಂದ ಪಕ್ಕಕ್ಕೆ ಸರಿದಿದ್ದನ್ನು ಯಾರೂ ಗಮನಿಸಿರಲಿಲ್ಲ. ರೋಗಿಯ ಮೇಲೆ ಹಾಸಿದ ಬಟ್ಟೆ ಸರ್ಜನ್‌ಗೆ ಅನುಕೂಲ, ಎದುರಿಗಿದ್ದ ಸಹಾಯಕನಿಗೆ ಅಡ್ಡಿ. ಗವಾಂಡೆ ಇದನ್ನೆಲ್ಲ 2011ರಲ್ಲಿ ಲೇಖನವಾಗಿ ಬರೆದರು. ಕೋಚ್ ಬಂದ ಮೇಲೆ ತೊಡಕುಗಳು ಕಡಿಮೆಯಾದವು ಅಂದರು. ಇದು ಖಚಿತ ಅಂತ ಹೇಳೋಕೆ ಇನ್ನೂ ಕಾಲ ಬೇಕು ಅಂತಲೂ ಪ್ರಾಮಾಣಿಕವಾಗಿ ಸೇರಿಸಿದರು.

ಇಲ್ಲಿ ಎರಡು ಪದಗಳನ್ನು ಬಿಡಿಸಿ ಹೇಳಬೇಕು. ಮೆಂಟರ್ ಅಂದರೆ ಆ ದಾರಿಯಲ್ಲಿ ನಡೆದು ಬಂದ ಹಿರಿಯ. ಯಾವ ಸಂಶೋಧನೆ ಕೈಗೆತ್ತಿಕೊಳ್ಳಬೇಕು, ಪ್ರಬಂಧ ಎಲ್ಲಿಗೆ ಕಳಿಸಬೇಕು, ನೈಟ್ ಡ್ಯೂಟಿ, ಮನೆ ಎರಡನ್ನೂ ಹೇಗೆ ತೂಗಿಸಬೇಕು ಅಂತ ವರ್ಷಗಟ್ಟಲೆ ಜೊತೆಗಿದ್ದು ಹೇಳುವವರು. ಕೋಚ್ ದಾರಿ ತೋರಿಸಲ್ಲ, ನಿಮ್ಮ ನಡಿಗೆ ನೋಡ್ತಾರೆ. 'ಆ ಹುಡುಗಿ ಉತ್ತರ ಹೇಳುವಷ್ಟರಲ್ಲಿ ನೀವೇ ಯಾಕೆ ಹೇಳಿಬಿಟ್ರಿ?' ಅಂತ ಕೇಳ್ತಾರೆ.

ಈಗ ನಮ್ಮ ಕಡೆ ಬನ್ನಿ. ಎಂಡಿ, ಎಂಎಸ್ ಮುಗಿಸಿದ ಯುವ ಡಾಕ್ಟರ್ ಅಸಿಸ್ಟೆಂಟ್ ಪ್ರೊಫೆಸರ್ ಆಗ್ತಾರೆ. ಒಪಿಡಿ, ವಾರ್ಡ್ ರೌಂಡ್ಸ್, ಕ್ಲಾಸು, ಪ್ರಬಂಧ ಎಲ್ಲವೂ ಒಟ್ಟಿಗೇ ಹೆಗಲಿಗೆ. ಚಿಕಿತ್ಸೆ ಕೊಡೋದನ್ನು ವರ್ಷಗಟ್ಟಲೆ ಕಲಿತವರಿಗೆ ಪಾಠ ಹೇಳೋದನ್ನು ಕಲಿಸಿದವರು ಯಾರು? ರಾಷ್ಟ್ರೀಯ ವೈದ್ಯಕೀಯ ಆಯೋಗದ 2022ರ ನಿಯಮದ ಪ್ರಕಾರ ಅಸೋಸಿಯೇಟ್ ಪ್ರೊಫೆಸರ್ ಆಗಲು 4 ವರ್ಷದ ಸೇವೆ, 2 ಪ್ರಬಂಧಗಳ ಜೊತೆಗೆ ಬೋಧನಾ ವಿಧಾನ ಮತ್ತು ಸಂಶೋಧನೆಯ ಎರಡು ಮೂಲ ಕೋರ್ಸ್‌ಗಳು ಕಡ್ಡಾಯವಾದವು. ಒಳ್ಳೆಯದೇ. ಆದರೆ ಕೋರ್ಸ್ ಮುಗಿಸಿ ಸರ್ಟಿಫಿಕೇಟ್ ತಂದ ಮೇಲೆ, ಅವರ ಕ್ಲಾಸಿನ ಹಿಂದಿನ ಬೆಂಚಲ್ಲಿ ಕೂತು ನೋಡುವವರು ಯಾರು?

ವಿಭಾಗದ ಮುಖ್ಯಸ್ಥರಿದ್ದಾರಲ್ಲ ಅಂತೀರಾ? ಅಲ್ಲೇ ಇರೋದು ಸಮಸ್ಯೆ. ರಜೆ ಮಂಜೂರು ಮಾಡುವವರು, ಬಡ್ತಿಗೆ ವರದಿ ಬರೆಯುವವರು ಅವರೇ. ಅವರೆದುರು 'ಸಾರ್, ಇದು ನನಗೆ ಬರ್ತಿಲ್ಲ' ಅಂತ ಯಾರು ಬಾಯಿ ಬಿಡ್ತಾರೆ? ಕೋಚ್ ಬೇರೆ ವಿಭಾಗದವರಾಗಿರಲಿ, ನಿವೃತ್ತ ಪ್ರಾಧ್ಯಾಪಕರಾಗಿರಲಿ. ಅವರು ಬರೆದ ಟಿಪ್ಪಣಿ ಆ ಡಾಕ್ಟರ್ ಕೈಗೆ ಮಾತ್ರ ಹೋಗಲಿ, ಆಫೀಸ್ ಫೈಲಿಗೆ ಬೇಡ. ತಿಂಗಳಿಗೊಂದು ಗಂಟೆ ಸಾಕು, ಆ ಗಂಟೆಯನ್ನು ಡ್ಯೂಟಿ ಅಂತಲೇ ಲೆಕ್ಕ ಹಿಡಿಯಬೇಕು.

ಇದಕ್ಕೆ ಹೊಸ ಕಟ್ಟಡ ಬೇಡ, ಯಂತ್ರ ಬೇಡ. ಬೇಕಾಗಿರೋದು ಹಿರಿಯರ ಸಮಯ, ಕಿರಿಯರ ಧೈರ್ಯ.

ಇದು ಡಾಕ್ಟರ್‌ಗಳ ಮನೆ ವಿಷಯ, ನಮಗೇನು ಅಂದುಕೊಳ್ಳಬೇಡಿ. ಯಾರೂ ತಿದ್ದದ ಒಂದು ಅಭ್ಯಾಸ ಒಬ್ಬ ಪ್ರೊಫೆಸರ್ ಕೈಯಲ್ಲಿ ಮೂವತ್ತು ವರ್ಷ ಉಳಿಯಬಹುದು. ಅದನ್ನೇ ನೋಡಿ ಕಲಿತ ನೂರಾರು ಕೈಗಳಿಗೂ ಹೋಗಬಹುದು. ಆ ಕೈಗಳಲ್ಲೊಂದು ನಾಳೆ ನಿಮ್ಮೂರಿನ ತಾಲ್ಲೂಕು ಆಸ್ಪತ್ರೆಯಲ್ಲಿ ನಿಮ್ಮ ನಾಡಿ ಹಿಡಿಯುತ್ತೆ.