ಲ್ಯಾಪ್‌ಟಾಪ್ ನಿಧಾನವಾಯಿತೆ? ಮೊದಲು ಡಿಸ್ಕ್ ನೋಡಿ

ಬೆಂಗಳೂರಿನ ಎಸ್.ಪಿ. ರಸ್ತೆಯ ಕಂಪ್ಯೂಟರ್ ಅಂಗಡಿಗಳ ಮುಂದೆ ಸ್ವಲ್ಪ ಹೊತ್ತು ನಿಂತರೆ ಈ ಮಾತು ಕಿವಿಗೆ ಬಿದ್ದೇ ಬೀಳುತ್ತದೆ: ‘ಅಣ್ಣಾ, ಲ್ಯಾಪ್‌ಟಾಪ್ ತುಂಬಾ ಸ್ಲೋ ಆಗಿದೆ, ರ‍್ಯಾಮ್ ಜಾಸ್ತಿ ಮಾಡ್ಕೊಡಿ.’ ರ‍್ಯಾಮ್ ಹಾಕಿಸಿಕೊಂಡು ಮನೆಗೆ ಹೋದ ಮೇಲೂ ವಿಂಡೋಸ್ ತೆರೆದುಕೊಳ್ಳಲು ಮೊದಲಿನಷ್ಟೇ ಹೊತ್ತು ಹಿಡಿದರೆ ಕೊಟ್ಟ ದುಡ್ಡು ದಂಡ. ಏಳೆಂಟು ವರ್ಷ ಹಿಂದಿನ ಸಾಧಾರಣ ಬೆಲೆಯ ಲ್ಯಾಪ್‌ಟಾಪ್ ಒದ್ದಾಡುತ್ತಿದ್ದರೆ ನಾನು ಮೊದಲು ಅನುಮಾನಿಸುವುದು ರ‍್ಯಾಮನ್ನಲ್ಲ, ಒಳಗೆ ಗಿರಗಿರ ತಿರುಗುವ ಹಾರ್ಡ್ ಡಿಸ್ಕನ್ನು.

ಅನುಮಾನ ಸರಿಯೋ ತಪ್ಪೋ ಎಂದು ಮನೆಯಲ್ಲೇ ತಿಳಿಯಬಹುದು, ಖರ್ಚಿಲ್ಲ. ಲ್ಯಾಪ್‌ಟಾಪ್ ತಡವರಿಸುತ್ತಿರುವಾಗಲೇ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಕೀಲಿಗಳನ್ನು ಒಟ್ಟಿಗೆ ಒತ್ತಿ. ಟಾಸ್ಕ್ ಮ್ಯಾನೇಜರ್ ತೆರೆದುಕೊಳ್ಳುತ್ತದೆ. ಅದರ ಪರ್ಫಾರ್ಮೆನ್ಸ್ ವಿಭಾಗದಲ್ಲಿ ಡಿಸ್ಕ್ ಶೇ 100 ಮುಟ್ಟಿ ಕದಲದೆ ನಿಂತಿದೆ, ಮೆಮೊರಿ ಮಾತ್ರ ಅರ್ಧದ ಆಸುಪಾಸಿನಲ್ಲಿದೆ ಎಂದಾದರೆ ತೊಂದರೆ ಡಿಸ್ಕಿನದು. ಮೆಮೊರಿ ಶೇ 90ರ ಹತ್ತಿರ ಇದ್ದರೆ ರ‍್ಯಾಮ್ ಸಾಲುತ್ತಿಲ್ಲ. ಎರಡೂ ಮೇಲಿದ್ದರೆ? ರ‍್ಯಾಮ್ ತುಂಬಿದಾಗ ವಿಂಡೋಸ್ ಅದರಲ್ಲಿದ್ದ ಒಂದಷ್ಟನ್ನು ಡಿಸ್ಕಿಗೆ ಸಾಗಿಸಿ, ಬೇಕಾದಾಗ ಮತ್ತೆ ಎಳೆದುಕೊಳ್ಳುತ್ತದೆ. ಹೀಗೆ ಒಂದರ ಕೊರತೆ ಇನ್ನೊಂದರ ಮೇಲೆ ಹೊರೆಯಾಗುತ್ತದೆ. ಅಂಥ ಯಂತ್ರಕ್ಕೆ ಎರಡನ್ನೂ ಬದಲಿಸುವುದೇ ಸರಿ.

ಹಾರ್ಡ್ ಡಿಸ್ಕ್ ಏಕೆ ಇಷ್ಟು ಹಿಂದೆ ಬೀಳುತ್ತದೆ ಎಂಬುದು ಅದರ ಒಳಗನ್ನು ಕಂಡರೆ ಗೊತ್ತಾಗುತ್ತದೆ. ಕನ್ನಡಿಯಂತೆ ಹೊಳೆಯುವ ತಟ್ಟೆ, ಅದರ ಮೇಲೆ ಕೂದಲೆಳೆಗಿಂತಲೂ ಕಡಿಮೆ ಅಂತರದಲ್ಲಿ ತೇಲುವ ತೋಳಿನ ತುದಿ. ಲ್ಯಾಪ್‌ಟಾಪಿನ ಡಿಸ್ಕ್ ಸಾಮಾನ್ಯವಾಗಿ ನಿಮಿಷಕ್ಕೆ 5,400 ಸುತ್ತು, ಅಂದರೆ ಸೆಕೆಂಡಿಗೆ 90 ಸುತ್ತು ತಿರುಗುತ್ತದೆ. ಒಂದು ತುಣುಕು ಮಾಹಿತಿ ಬೇಕೆಂದರೆ ತೋಳು ಆ ಜಾಡಿಗೆ ಸರಿಯಬೇಕು, ಆಮೇಲೆ ಆ ಜಾಗ ತಿರುಗಿ ಬರುವವರೆಗೆ ಕಾಯಬೇಕು. ಕಾಯುವುದಕ್ಕೇ ಸರಾಸರಿ ಐದೂವರೆ ಮಿಲಿಸೆಕೆಂಡ್ ಹೋಗುತ್ತದೆ. ಸರಿಯಲು ಅದಕ್ಕಿಂತ ಹೆಚ್ಚು. ಹೀಗಾಗಿ ಅಲ್ಲಲ್ಲಿ ಚದುರಿದ ತುಣುಕುಗಳನ್ನು ಸೆಕೆಂಡಿಗೆ ನೂರರಷ್ಟು ಓದುವುದೂ ಅದಕ್ಕೆ ಕಷ್ಟ. ವಿಂಡೋಸ್ ಏಳುವಾಗ ಬೇಕಾಗುವುದು ಇಂಥ ಸಾವಿರಾರು ಸಣ್ಣ ಕಡತಗಳೇ.

ಹಾರ್ಡ್ ಡಿಸ್ಕಿನ ಬದಲು ಹಾಕಬಹುದಾದ ಎಸ್‌ಎಸ್‌ಡಿಯಲ್ಲಿ ತಿರುಗುವುದು, ಸರಿಯುವುದು ಯಾವುದೂ ಇಲ್ಲ. ತೋಶಿಬಾ ಕಂಪನಿಯ ಫುಜಿಯೊ ಮಸುವೊಕ 1980ರ ದಶಕದಲ್ಲಿ ರೂಪಿಸಿದ ಫ್ಲಾಶ್ ಮೆಮೊರಿಯೇ ಅದರ ಬುನಾದಿ. ವಿದ್ಯುತ್ ಹೋದರೂ ಮಾಹಿತಿ ಉಳಿಯುತ್ತದೆ, ಯಾವ ಮೂಲೆಯ ತುಣುಕನ್ನಾದರೂ ಕಣ್ಣು ಮಿಟುಕಿಸುವುದರೊಳಗೆ ತೆಗೆಯಬಹುದು. ಸೆಕೆಂಡಿಗೆ ನೂರಕ್ಕೆ ಏದುಸಿರು ಬಿಡುತ್ತಿದ್ದ ಕೆಲಸವನ್ನು ಎಸ್‌ಎಸ್‌ಡಿ ಹತ್ತಾರು ಸಾವಿರದ ಲೆಕ್ಕದಲ್ಲಿ ಮುಗಿಸುತ್ತದೆ.

ಜಾಹೀರಾತಿನ ಅಂಕಿಗಳು ದಾರಿ ತಪ್ಪಿಸುವುದು ಇಲ್ಲೇ. ಹಳೆಯ ಡಿಸ್ಕಿನ ಜಾಗದಲ್ಲೇ ಕೂರುವ ಸಾಟಾ ಎಸ್‌ಎಸ್‌ಡಿ ಸೆಕೆಂಡಿಗೆ ಸುಮಾರು 550 ಎಂಬಿ ಓದುತ್ತದೆ. ಎನ್‌ವಿಎಂಇ ಮಾದರಿಯಲ್ಲಿ ಮೂರನೇ ತಲೆಮಾರಿನದು 3,500 ಎಂಬಿ, ನಾಲ್ಕನೆಯದು 7,000 ಎಂಬಿವರೆಗೆ ಮುಟ್ಟುತ್ತದೆ. ಕೇಳಲು ಹನ್ನೆರಡು ಪಟ್ಟು. ಆದರೆ ಬ್ರೌಸರ್, ವರ್ಡ್, ಟ್ಯಾಲಿ, ಆನ್‌ಲೈನ್ ತರಗತಿ ಇಷ್ಟೇ ಕೆಲಸವಿದ್ದರೆ ಆ ವ್ಯತ್ಯಾಸ ಕಣ್ಣಿಗೆ ಬೀಳುವುದು ಅಪರೂಪ. ಹಾರ್ಡ್ ಡಿಸ್ಕಿನಿಂದ ಯಾವುದಾದರೂ ಎಸ್‌ಎಸ್‌ಡಿಗೆ ಬಂದ ದಿನ ಮನೆಮಂದಿಗೆಲ್ಲ ತಿಳಿಯುವ ವೇಗವೇ ದೊಡ್ಡ ಲಾಭ. ದೊಡ್ಡ ವಿಡಿಯೊಗಳನ್ನು ಎಡಿಟ್ ಮಾಡುವವರು ಹೆಚ್ಚಿನ ತಲೆಮಾರಿಗೆ ದುಡ್ಡು ಹಾಕಲಿ, ಉಳಿದವರು ಅದೇ ಹಣದಲ್ಲಿ ಹೆಚ್ಚು ಜಾಗ ಕೊಳ್ಳಲಿ.

ಕೊಳ್ಳುವಾಗ ಸ್ಲಾಟ್ ಯಾವುದೆಂದು ನೋಡಿಕೊಳ್ಳಲೇಬೇಕು. ಚ್ಯೂಯಿಂಗ್ ಗಮ್ ಪಟ್ಟಿಯಷ್ಟಿರುವ ಎಂ.2 ಆಕಾರದಲ್ಲಿ ಸಾಟಾವೂ ಬರುತ್ತದೆ, ಎನ್‌ವಿಎಂಇಯೂ ಬರುತ್ತದೆ. ಒಂದನ್ನು ಮಾತ್ರ ಒಪ್ಪುವ ಸ್ಲಾಟಿಗೆ ಇನ್ನೊಂದನ್ನು ತಂದರೆ ನಡೆಯುವುದಿಲ್ಲ. ಇನ್ನು, ತೀರಾ ಅಗ್ಗದ ಹೊಸ ಲ್ಯಾಪ್‌ಟಾಪಿನ ವಿವರದಲ್ಲಿ ‘ಇಎಂಎಂಸಿ’ ಎಂದಿದ್ದರೆ ಬೇಡ ಅನ್ನಿ. ಅದೂ ಫ್ಲಾಶೇ, ಆದರೆ ನಿಧಾನದ್ದು, ಬೋರ್ಡಿಗೇ ಅಂಟಿರುವಂಥದ್ದು. ಜಾಗದ ಮಟ್ಟಿಗೆ 512 ಜಿಬಿ ಇರಲಿ. ವಿಂಡೋಸ್ ಅದನ್ನು 476 ಜಿಬಿ ಎಂದು ತೋರಿಸಿದರೆ ಮೋಸವಾಯಿತೆಂದು ಗಾಬರಿಯಾಗಬೇಡಿ. ಕಂಪನಿ ಸಾವಿರದ ಲೆಕ್ಕದಲ್ಲಿ, ವಿಂಡೋಸ್ 1,024ರ ಲೆಕ್ಕದಲ್ಲಿ ಎಣಿಸುವುದರಿಂದ ಬಂದ ವ್ಯತ್ಯಾಸ ಅದು. ಎಸ್‌ಎಸ್‌ಡಿಯನ್ನು ಕಂಠಮಟ್ಟ ತುಂಬಿಸಿದರೆ ಬರೆಯುವ ವೇಗ ಕುಸಿಯುತ್ತದೆ, ಐದರಲ್ಲೊಂದು ಪಾಲು ಖಾಲಿ ಬಿಡುವುದು ಒಳ್ಳೆಯದು. ತೆಗೆದ ಹಾರ್ಡ್ ಡಿಸ್ಕ್ ಚೆನ್ನಾಗಿದ್ದರೆ ಯುಎಸ್‌ಬಿ ಕೇಸಿಗೆ ಹಾಕಿಸಿ, ಫೋಟೊಗಳ ಇನ್ನೊಂದು ಪ್ರತಿ ಇಡಲು ಬಳಸಿ. ಎಸ್‌ಎಸ್‌ಡಿ ಯಾವ ಸೂಚನೆಯನ್ನೂ ಕೊಡದೆ ಕೆಟ್ಟುಹೋಗಬಹುದು, ಹಾಗಾಗಿ ಈ ಮಾತನ್ನು ಒತ್ತಿ ಹೇಳುತ್ತಿದ್ದೇನೆ. ಡಿಸ್ಕಿನ ಮಾಹಿತಿಗೆ ಬೀಗ ಹಾಕುವ ವಿಂಡೋಸಿನ ಬಿಟ್‌ಲಾಕರ್ ಚಾಲೂ ಇದ್ದರೆ ಡಿಸ್ಕ್ ಬಿಚ್ಚುವ ಮೊದಲೇ ಅದರ ರಿಕವರಿ ಕೀ ಬರೆದಿಟ್ಟುಕೊಳ್ಳಿ.

ರ‍್ಯಾಮ್ ವಿಷಯಕ್ಕೆ ಬಂದರೆ, ಹೊಸದಾಗಿ ಕೊಳ್ಳುವವರಿಗೆ ನನ್ನ ಸಲಹೆ 16 ಜಿಬಿ. 8 ಜಿಬಿಯಲ್ಲಿ ಕೆಲಸ ಸಾಗುವುದಿಲ್ಲ ಎಂದಲ್ಲ. ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡ್ ಇಲ್ಲದ ಯಂತ್ರದಲ್ಲಿ ಪರದೆಯ ಕೆಲಸಕ್ಕೂ ಇದೇ ರ‍್ಯಾಮಿನಿಂದ ಪಾಲು ಹೋಗುತ್ತದೆ, ಬ್ರೌಸರಿನ ಹತ್ತಾರು ಟ್ಯಾಬುಗಳು ಉಳಿದದ್ದನ್ನು ನುಂಗುತ್ತವೆ. ಆ್ಯಪಲ್ ಕೂಡ 2024ರಲ್ಲಿ ತನ್ನ ಮ್ಯಾಕ್‌ಗಳ ಕನಿಷ್ಠ ಮೆಮೊರಿಯನ್ನು 8ರಿಂದ 16 ಜಿಬಿಗೆ ಏರಿಸಿತು. ಎರಡು ಸ್ಲಾಟಿದ್ದರೆ ಒಂದೇ 16ರ ಬದಲು 8ರ ಎರಡು ಸ್ಟಿಕ್ ಹಾಕುವುದು ಮೇಲು. ಎರಡೂ ಜೊತೆಯಾಗಿ ದುಡಿಯುತ್ತವೆ. ಡಿಡಿಆರ್4 ಸ್ಲಾಟಿಗೆ ಡಿಡಿಆರ್5 ಕೂರುವುದೇ ಇಲ್ಲ.

ಮಕ್ಕಳನ್ನು ಎಂಜಿನಿಯರಿಂಗಿಗೆ ಸೇರಿಸಿ ಲ್ಯಾಪ್‌ಟಾಪ್ ಕೊಡಿಸಲು ಹೊರಟ ಅಪ್ಪ ಅಮ್ಮಂದಿರು ಅಂಗಡಿಯಲ್ಲಿ ಕೇಳಲೇಬೇಕಾದ ಪ್ರಶ್ನೆ ಒಂದಿದೆ: ‘ಇದರ ರ‍್ಯಾಮ್ ಸ್ಲಾಟಿನಲ್ಲಿದೆಯೋ, ಬೋರ್ಡಿಗೆ ಬೆಸುಗೆ ಹಾಕಿದ್ದೋ?’ ತೆಳ್ಳಗಿನ ಮಾದರಿಗಳಲ್ಲಿ ಬಹಳಷ್ಟು ಬೆಸುಗೆಯವೇ. ಅವುಗಳಲ್ಲಿ ಕೊಂಡ ದಿನ ಇದ್ದಷ್ಟೇ ಕೊನೆಯವರೆಗೂ. 2025ರ ಕೊನೆಯ ಹೊತ್ತಿಗೆ ಎಐ ಡೇಟಾ ಸೆಂಟರುಗಳ ಬೇಡಿಕೆಯಿಂದ ರ‍್ಯಾಮ್ ಬೆಲೆ ಗಗನಕ್ಕೇರಿದ್ದರಿಂದ, 8 ಜಿಬಿಯದನ್ನೇ ಕೊಂಡು ಆಮೇಲೆ ಏರಿಸುತ್ತೇನೆ ಎನ್ನುವವರಿಗೆ ಖಾಲಿ ಸ್ಲಾಟ್ ಇರುವ ಮಾದರಿಯೇ ಬೇಕು.

ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟಿನ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11ರ ಅರ್ಹತೆ ಇಲ್ಲದ ಯಂತ್ರಗಳನ್ನು ಗುಜರಿಗೆ ಹಾಕುವ ಮಾತು ಮನೆಮನೆಯಲ್ಲೂ ನಡೆದಿದೆ. ಪರದೆ, ಕೀಲಿಮಣೆ ಚೆನ್ನಾಗಿದ್ದರೆ ಹಾಗೆ ಮಾಡಬೇಡಿ. ಒಂದು ಸಾಟಾ ಎಸ್‌ಎಸ್‌ಡಿ, 8 ಜಿಬಿ ರ‍್ಯಾಮ್ ಇದ್ದರೆ ವಿಂಡೋಸಿನ ಬದಲು ಹಾಕಬಹುದಾದ ಲಿನಕ್ಸ್ ಮಿಂಟ್ ಅದರಲ್ಲಿ ಸಲೀಸಾಗಿ ಓಡುತ್ತದೆ. ಕನ್ನಡ ಟೈಪಿಸಲು ಕಗಪ ಕೀಲಿಮಣೆ ವಿನ್ಯಾಸವೂ ಮಿಂಟ್‌ನಲ್ಲಿದೆ.