ಹುಲ್ಲಿಗೂ ಬಿತ್ತನೆ ಬೇಕು

ಹುಲ್ಲನ್ನು ಯಾರಾದರೂ ಬಿತ್ತುತ್ತಾರೆಯೇ? ಎರಡು ಮಳೆ ಬಿದ್ದರೆ ತಾನಾಗಿ ಹುಟ್ಟುವುದೇ ಹುಲ್ಲು ಎಂದು ನಂಬಿದವರೇ ಹೆಚ್ಚು. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಗಳ ಮಸಾರಿ ದಿಬ್ಬಗಳಲ್ಲಿ ಆ ನಂಬಿಕೆ ನಿಲ್ಲುವುದಿಲ್ಲ. ಇದು ಕುರಿಗಳ ಸೀಮೆ, ಬರದ ಸೀಮೆಯೂ ಹೌದು.

ಹುಲ್ಲು ಚಿಗುರುವುದು ನೆಲಕ್ಕಂಟಿದ ಬುಡದಿಂದ. ಹಾಗಾಗಿ ಕುರಿ ತುದಿ ಮೇಯ್ದರೆ ಅದು ಸಾಯುವುದಿಲ್ಲ. ಬೇಸಿಗೆಯಲ್ಲಿ ಎಲೆ ಒಣಗಿ ಕರಡವಾದರೂ ಬೇರಿನಲ್ಲಿ ಜೀವವಿರುತ್ತದೆ. ಆದರೆ ತೆನೆ ಕಟ್ಟುವ ಮೊದಲೇ ವರ್ಷ ವರ್ಷವೂ ಮೇಯಿಸಿದರೆ ಬೀಜ ನೆಲಕ್ಕೆ ಬೀಳದು. ಬೇರಿನಲ್ಲಿ ಕೂಡಿಟ್ಟ ಸತ್ವವೂ ತೀರುತ್ತದೆ. ಬರಿದಾದ ಜಾಗಕ್ಕೆ ದನ ಮೂಸದ ತಂಗಡಿ ಬರುತ್ತದೆ, ಬಳ್ಳಾರಿ ಜಾಲಿ ಬರುತ್ತದೆ. (ಊರಿನ ಹೆಸರು ಹೊತ್ತಿದ್ದರೂ ಈ ಜಾಲಿ ಅಮೆರಿಕ ಖಂಡದಿಂದ ಬಂದದ್ದು.)

ಒಣನಾಡಿನ ಹುಲ್ಲುಗಳ ಬೀಜಕ್ಕೆ ತನ್ನದೇ ಜಾಣತನವಿದೆ. ನಡೆದಾಡುವವರ ಪಂಚೆಗೆ, ಕುರಿಯ ಉಣ್ಣೆಗೆ ಚುಚ್ಚಿಕೊಳ್ಳುವ ಊಬಿನ ಹುಲ್ಲನ್ನೇ ನೋಡಿ. ಅದರ ಊಬು ಒಣಗಿದಾಗ ಹುರಿಗೊಳ್ಳುತ್ತದೆ, ತೇವ ತಗುಲಿದಾಗ ಹುರಿ ಬಿಚ್ಚುತ್ತದೆ. ಹೀಗೆ ತಿರುಗುತ್ತಾ ಬೀಜದ ಚೂಪು ತುದಿಯನ್ನು ಬೈರಿಗೆಯಂತೆ ಮಣ್ಣೊಳಗೆ ಇಳಿಸುತ್ತದೆ. ಎಳೆಯದಿರುವಾಗ ಇದು ಒಳ್ಳೆಯ ಮೇವು. ಬಲಿತ ಮೇಲೆ ಕುರಿಗಾರರು ಬೈಯುವುದು ತಪ್ಪಲ್ಲ.

ಅಂಜನ ಹುಲ್ಲಿನ ಬೀಜ ಇನ್ನೊಂದು ಬಗೆ. ಅದು ನವಿರಾದ ಬಿರುಗೂದಲಿನ ಗೂಡಿನಲ್ಲಿರುತ್ತದೆ, ಗಾಳಿಗೆ ಹಾರಿಹೋಗುವಷ್ಟು ಹಗುರ. ಆಗಷ್ಟೇ ಕೊಯ್ದ ಬೀಜ ಸರಿಯಾಗಿ ಮೊಳೆಯದು. ಕೆಲವು ತಿಂಗಳು ಒಣಗಿಸಿ ಇಡಬೇಕು. ಹಿಂಗಾರಿನಲ್ಲಿ ಆರಿಸಿದ್ದನ್ನು ಮುಂಗಾರಿಗೆ ಬಿತ್ತಿದರೆ ಈ ಲೆಕ್ಕ ತಾನಾಗಿ ಸರಿಹೋಗುತ್ತದೆ. ಹಾರದಂತೆ ಹಸಿ ಮರಳಿನೊಂದಿಗೆ ಬೆರೆಸುವುದುಂಟು, ಮಣ್ಣು-ಸಗಣಿಯಲ್ಲಿ ಉಂಡೆ ಕಟ್ಟುವುದೂ ಉಂಟು. ಎಕರೆಗೆ ಸುಮಾರು 2 ಕಿಲೊ ಸಾಕು. ಬಿತ್ತನೆ ಒಂದು ಸೆಂಟಿಮೀಟರಿನಷ್ಟು ಮಾತ್ರ ಆಳವಿರಬೇಕು. ಜೋಳದಂತೆ ಆಳಕ್ಕೆ ಹಾಕಿದರೆ ಮೊಳಕೆ ಮೇಲೆ ಬರುವುದೇ ಇಲ್ಲ. ಝಾನ್ಸಿಯಲ್ಲಿ 1962ರಲ್ಲಿ ಸ್ಥಾಪನೆಯಾದ ಭಾರತೀಯ ಹುಲ್ಲುಗಾವಲು ಮತ್ತು ಮೇವು ಸಂಶೋಧನಾ ಸಂಸ್ಥೆಗೆ ಇದೇ ಕಸುಬು. ಧಾರವಾಡದಲ್ಲಿ ಅದರ ಪ್ರಾದೇಶಿಕ ಕೇಂದ್ರವಿದೆ.

ತೊಡಕು ಇರುವುದು ಕಾಗದದಲ್ಲಿ. 1953ರಲ್ಲಿ ಮೈಸೂರಿಗೆ ಸೇರುವವರೆಗೂ ಈ ತಾಲ್ಲೂಕುಗಳು ಬಳ್ಳಾರಿ ಜಿಲ್ಲೆಯೊಂದಿಗೆ ಮದರಾಸಿನ ಆಡಳಿತದಲ್ಲಿದ್ದವು. ಕಂದಾಯ ತಾರದ ನೆಲ ಅಲ್ಲಿನ ಲೆಕ್ಕದಲ್ಲಿ ಪರಂಪೋಕು. ಹುಲ್ಲು ಬೆಳೆದ ಬಯಲನ್ನು ಪಾಳು ಎಂದು ಬರೆಯುವ ಚಾಳಿ ಈಗಲೂ ಹೋಗಿಲ್ಲ. ಪಾಳು ಎಂದರೆ ಗುಂಡಿ ತೋಡಿ ಸಸಿ ನೆಡಬೇಕು ಎಂದೇ ಅರ್ಥ. ನೆರೆಯ ರಾಣೆಬೆನ್ನೂರಿನ ಕೃಷ್ಣಮೃಗಗಳ ಬಯಲಿನಲ್ಲಿ ನೀಲಗಿರಿ ನೆಟ್ಟದ್ದು ಹೀಗೆಯೇ.

ಬಿತ್ತಿದ ಮೊದಲ ವರ್ಷ ಅಲ್ಲಿ ಮೇಯಿಸುವಂತಿಲ್ಲ. ಬೇರು ಹಿಡಿಯುವ ಮುನ್ನ ಕುರಿ ಎಳೆದರೆ ಬುಡವೇ ಕಿತ್ತುಬರುತ್ತದೆ. ಹಾಗಾದರೆ ಆ ವರ್ಷ ತುಂಡು ಹೊಲವೂ ಇಲ್ಲದ ಕುರಿಗಾರ ಮಂದೆಯನ್ನು ಎಲ್ಲಿ ಬಿಡಬೇಕು? ಇದನ್ನು ಅವನನ್ನು ಕೇಳದೆ ಬೇಲಿ ಹಾಕಿದರೆ ಬೇಲಿ ಉಳಿಯದು. ಇಡೀ ಬಯಲನ್ನು ಒಮ್ಮೆಲೇ ಮುಚ್ಚದೆ ಮೂರರಲ್ಲೊಂದು ಪಾಲು ಮಾತ್ರ ಬಿಗಿದು, ಬಲಿತ ಹುಲ್ಲನ್ನು ಕುಡುಗೋಲಿನಿಂದ ಕೊಯ್ದು ಒಯ್ಯಲು ಅವನಿಗೇ ಬಿಟ್ಟರೆ, ಮರುವರ್ಷದ ಬೀಜ ಆರಿಸುವವನೂ ಅವನೇ ಆಗಬಹುದು.