ಸೊನ್ನೆ ಖರ್ಚಿನ ಆಪರೇಷನ್‌ಗೆ ಸೊನ್ನೆ ಗಂಡಸರು

ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರದ ಊರುಗಳಲ್ಲಿ ಎರಡನೇ ಹೆರಿಗೆ ಮುಗಿದ ಮನೆಗೆ ಬಂದವರು ‘ಆಪರೇಷನ್ ಆಯ್ತಾ?’ ಎಂದು ಕೇಳುವುದು ಹೆಂಗಸನ್ನೇ. ಗಂಡ ಅಲ್ಲೇ ಜಗಲಿಯ ಮೇಲೆ ಕೂತಿದ್ದರೂ ಅವನತ್ತ ಯಾರೂ ತಿರುಗುವುದಿಲ್ಲ. ಅಂಕಿಗಳ ಮಾತೂ ಅದೇ. 2019-21ರ ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವರ್ಷದ ವಿವಾಹಿತೆಯರಲ್ಲಿ ಶೇ 57.4ರಷ್ಟು ಮಂದಿ ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡವರು. ಗಂಡಂದಿರ ಸಾಲಿನಲ್ಲಿ ಅಚ್ಚಾಗಿರುವುದು 0.0. ಆ ದಶಮಾಂಶವನ್ನು ಬಿಡಿಸಿದರೆ, ಎರಡು ಸಾವಿರ ದಂಪತಿಗಳನ್ನು ಹುಡುಕಿದರೂ ಅಂಥ ಒಬ್ಬ ಗಂಡ ಸಿಗುವುದು ಅನುಮಾನ. 2015-16ರ ಸಮೀಕ್ಷೆಯಲ್ಲಿ 0.1 ಇತ್ತು. ಅದೂ ಕರಗಿತು.

ಇದು ಹಿಂದುಳಿದ ಸೀಮೆಯ ಕಥೆಯಲ್ಲ. ಸರ್ಕಾರವೇ ನಡೆಸುವ ಸಂತಾನ ನಿಯಂತ್ರಣ ಕ್ಲಿನಿಕ್‌ಗಳಿಗೆ ಜಗತ್ತಿನಲ್ಲೇ ಮೊದಲು ಆದೇಶ ಹೊರಡಿಸಿದ್ದು ಮೈಸೂರು ಸಂಸ್ಥಾನ, 1930ರ ಜೂನ್ 11ರಂದು; ಕೋಲಾರ ಆಗ ಅದೇ ಸಂಸ್ಥಾನದ ಜಿಲ್ಲೆ. ಕೆಲಸ ಕೆಟ್ಟದ್ದು 1976-77ರಲ್ಲಿ. ತುರ್ತು ಪರಿಸ್ಥಿತಿಯ ಆ ಒಂದೇ ವರ್ಷದಲ್ಲಿ ದೇಶದ ಸುಮಾರು 62 ಲಕ್ಷ ಗಂಡಸರಿಗೆ ವ್ಯಾಸೆಕ್ಟಮಿ, ಅಂದರೆ ಗಂಡಸರ ಸಂತಾನಹರಣ ಶಸ್ತ್ರಚಿಕಿತ್ಸೆ, ಆಯಿತು, ಎಷ್ಟೋ ಕಡೆ ಬಲವಂತವಾಗಿ. ಆಗ ಗಂಡಸರಲ್ಲಿ ಹುಟ್ಟಿದ ಭಯಕ್ಕೆ ಕಾರಣವಿತ್ತು. ಆದರೆ ಈಗ ಮೂವತ್ತೈದು ವರ್ಷದವನು ಆಗ ಹುಟ್ಟಿಯೇ ಇರಲಿಲ್ಲ. ಭಯವನ್ನು ಮಾತ್ರ ಅಪ್ಪನಿಂದ ಪಾಲಿಗೆ ಪಡೆದಿದ್ದಾನೆ.

ದುಡ್ಡಿನ ಲೆಕ್ಕಕ್ಕೆ ಬರೋಣ. ಸರ್ಕಾರಿ ಆಸ್ಪತ್ರೆಯಲ್ಲಿ ಇದಕ್ಕೆ ಶುಲ್ಕವಿಲ್ಲ. 2007ರಲ್ಲಿ ಕೇಂದ್ರ ನಿಗದಿ ಮಾಡಿದ ದರದಲ್ಲಿ, ಕರ್ನಾಟಕದಂಥ ರಾಜ್ಯಗಳಿಗೆ ಒಂದು ವ್ಯಾಸೆಕ್ಟಮಿಗೆ 1,500 ರೂಪಾಯಿ. ಅದರಲ್ಲಿ ಮಾಡಿಸಿಕೊಂಡವನಿಗೆ 1,100, ಕರೆತಂದವರಿಗೆ 200, ಸರ್ಜನ್‌ಗೆ 100. ಉಳಿದದ್ದು ಔಷಧಿ ಮತ್ತು ಸಿಬ್ಬಂದಿಗೆ. ಅದೇ ಪಟ್ಟಿಯಲ್ಲಿ ಬಿಪಿಎಲ್ ಮಹಿಳೆಗೆ ಸಿಗುವುದು 600. ಹೊಟ್ಟೆ ಕೊಯ್ಸಿಕೊಳ್ಳುವವಳಿಗೆ ಕಡಿಮೆ, ಚರ್ಮಕ್ಕೆ ಒಂದು ತೂತು ಮಾಡಿಸಿಕೊಳ್ಳುವವನಿಗೆ ಹೆಚ್ಚು. ಇಷ್ಟು ಪುಸಲಾಯಿಸಿದರೂ ಸೊನ್ನೆ.

ಆ 1,100 ಎಷ್ಟು ದಿನದ ಕೂಲಿ? 2025-26ರಲ್ಲಿ ಕರ್ನಾಟಕದ ಉದ್ಯೋಗ ಖಾತರಿ ಕೂಲಿ ದಿನಕ್ಕೆ 370 ರೂಪಾಯಿ ಇತ್ತು. ಮೂರು ದಿನಕ್ಕೆ 1,110, ಅಂದರೆ ಹತ್ತು ರೂಪಾಯಿ ಸಾಲದು. ಆಪರೇಷನ್ ಆದ ಮೇಲೆ ಎರಡು ದಿನ ವಿಶ್ರಾಂತಿ ಬೇಕು, ಭಾರ ಎತ್ತುವ ಕೆಲಸ ಒಂದು ವಾರ ಕೂಡದು. ಕೋಲಾರದ ಎಪಿಎಂಸಿಯಲ್ಲಿ ಹದಿನೈದು ಕೆಜಿಯ ಟೊಮೆಟೊ ಬಾಕ್ಸ್ ಎತ್ತುವ ಹಮಾಲಿಗೆ ಆ ವಾರವೆಂದರೆ, ಇದೇ ದರದಲ್ಲಿ ಹಿಡಿದರೂ 2,590 ರೂಪಾಯಿ. ನಿಜವಾದ ಖರ್ಚು ಇಲ್ಲಿದೆ: ಪರಿಹಾರ ಕಳೆದು 1,490. ಸೊನ್ನೆಯಲ್ಲ, ನಿಜ, ಆದರೆ ಹೆಂಡತಿಯ ಆಪರೇಷನ್‌ನಲ್ಲಿ ಮನೆಗೆಲಸ, ಹಸು, ಕೂಲಿ ಎಲ್ಲಾ ನಿಲ್ಲುವುದನ್ನು ಯಾರೂ ಲೆಕ್ಕ ಹಾಕುವುದೇ ಇಲ್ಲ.

ಈಗ ಮಾಡುವುದು ಬ್ಲೇಡು ಬಳಸದ ವಿಧಾನ, ಎನ್‌ಎಸ್‌ವಿ. ಚೀನಾದ ಲಿ ಶುನ್‌ಚಿಯಾಂಗ್ 1974ರಲ್ಲಿ ರೂಪಿಸಿದ್ದು. ಆ ಜಾಗಕ್ಕಷ್ಟೇ ಮರಗಟ್ಟುವ ಇಂಜೆಕ್ಷನ್, ಹತ್ತು–ಹದಿನೈದು ನಿಮಿಷ, ಹೊಲಿಗೆ ಇಲ್ಲ. ‘ಗಂಡಸ್ತನ ಹೋಗುತ್ತೆ’ ಎನ್ನುವವರಿಗೆ ಒಂದು ಅಂಕಿ: ಹೊರಬರುವ ವೀರ್ಯದಲ್ಲಿ ವೃಷಣದಿಂದ ಬರುವ ಪಾಲು ಶೇ 5 ಮೀರುವುದಿಲ್ಲ, ಉಳಿದದ್ದು ಮೇಲಿನ ಗ್ರಂಥಿಗಳದ್ದು. ಹಾರ್ಮೋನು ರಕ್ತದ ದಾರಿಯಲ್ಲಿ ಹೋಗುತ್ತದೆ, ಆಪರೇಷನ್‌ನಲ್ಲಿ ಕತ್ತರಿಸುವ ವೀರ್ಯಾಣು ನಳಿಕೆಯಲ್ಲಿ ಅಲ್ಲ. ಹಾಗೆಂದು ತೊಂದರೆಯೇ ಇಲ್ಲವೆಂದರೆ ಸುಳ್ಳಾಗುತ್ತದೆ. ನೂರರಲ್ಲಿ ಒಬ್ಬರಿಬ್ಬರಿಗೆ ರಕ್ತ ಕಟ್ಟುವುದು, ಸೋಂಕು. ಇನ್ನು ಒಬ್ಬರಿಬ್ಬರಿಗೆ ತಿಂಗಳುಗಟ್ಟಲೆ ಉಳಿಯುವ ನೋವು.

ಅತಿ ಹೆಚ್ಚು ಮಂದಿ ಎಡವುವುದು ಇನ್ನೊಂದು ಕಡೆ. ಅವತ್ತೇ ರಕ್ಷಣೆ ಸಿಗುವುದಿಲ್ಲ. ಮೂರು ತಿಂಗಳು ಕಾಂಡೋಮ್ ಬಳಸಿ, ಆಮೇಲೆ ವೀರ್ಯ ಪರೀಕ್ಷೆ ಮಾಡಿಸಿ, ವೀರ್ಯಾಣು ಇಲ್ಲವೆಂದು ಖಚಿತವಾದ ಮೇಲಷ್ಟೇ ಸರ್ಟಿಫಿಕೇಟ್. ಅದಾದ ಮೇಲೆ ಗರ್ಭ ನಿಲ್ಲುವ ಸಂಭವ 2,000ಕ್ಕೆ ಒಂದು. ವಿಫಲವಾದರೆ ಪರಿಹಾರ ಮೊದಲು 30,000 ಇತ್ತು, ಈಗ ದುಪ್ಪಟ್ಟು. ತಿಳಿದ 90 ದಿನದೊಳಗೆ ಅರ್ಜಿ ಕೊಡಬೇಕು. ಶ್ರೀನಿವಾಸಪುರದಿಂದ ಕೋಲಾರಕ್ಕೆ ಬಸ್ಸಿನಲ್ಲಿ ಎರಡನೇ ಸಲ ಬರಲು ಬೇಸರಪಟ್ಟು ಪರೀಕ್ಷೆ ತಪ್ಪಿಸಿದವನ ಕೈಯಲ್ಲಿ ಆ ಸರ್ಟಿಫಿಕೇಟೇ ಇರುವುದಿಲ್ಲ. ಮತ್ತೆ ಮಗು ಬೇಕೆನಿಸಿದರೆ ಜೋಡಿಸಬಹುದು, ಆದರೆ ಭರವಸೆಯಿಲ್ಲ. 1991ರಲ್ಲಿ ಪ್ರಕಟವಾದ 1,469 ಗಂಡಸರ ಅಧ್ಯಯನದಲ್ಲಿ, ಮೂರು ವರ್ಷದೊಳಗೆ ಜೋಡಿಸಿದಾಗ ಶೇ 76 ದಂಪತಿಗಳಲ್ಲಿ ಗರ್ಭ ನಿಂತಿತು. ಹದಿನೈದು ವರ್ಷ ಕಳೆದವರಲ್ಲಿ ಶೇ 30.

ಇಷ್ಟು ಅಗ್ಗದ್ದಕ್ಕೆ ಹೆದರುವ ಗಂಡಸು ಇನ್ನೊಂದಕ್ಕೆ ಗುಟ್ಟಾಗಿ ಹಣ ಹೊಂದಿಸುತ್ತಾನೆ: ಶಿಶ್ನ ಉದ್ದ ಮಾಡುವುದು. ಬಸ್ ಸ್ಟ್ಯಾಂಡಿನ ಗೋಡೆಗಳಲ್ಲಿ, ಈಗ ಮೊಬೈಲಿನಲ್ಲಿ, ಅದರ ಜಾಹೀರಾತು. ಜನನಾಂಗದ ಗಾತ್ರ ಹೆಚ್ಚಿಸುತ್ತೇವೆಂದು ಔಷಧಿಯ ಮೇಲೆ ಹೇಳಿಕೊಳ್ಳುವುದನ್ನು 1945ರ ಔಷಧ ನಿಯಮಗಳ ‘ಜೆ’ ಅನುಸೂಚಿ ನಿಷೇಧಿಸುತ್ತದೆ. ಗೋಡೆಗಳು ಆ ಅನುಸೂಚಿ ಓದಿಲ್ಲ.

15,521 ಗಂಡಸರ ಅಳತೆ ಒಟ್ಟುಗೂಡಿಸಿ 2015ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಉದ್ರೇಕದ ಸರಾಸರಿ ಉದ್ದ 13.12 ಸೆಂಟಿಮೀಟರ್. ‘ಚಿಕ್ಕದು’ ಎಂದು ಕೊರಗುವವರಲ್ಲಿ ಹೆಚ್ಚಿನವರ ಅಳತೆ ಸಹಜವಾಗೇ ಇರುತ್ತದೆ. ಶಸ್ತ್ರಚಿಕಿತ್ಸೆ ಏನು ಕೊಡುತ್ತದೆ? ಶಿಶ್ನವನ್ನು ಮೂಳೆಗೆ ಹಿಡಿದಿಡುವ ಕಟ್ಟನ್ನು ಕತ್ತರಿಸಿದ 42 ಮಂದಿಯ ಫಲಿತಾಂಶವನ್ನು ಲಂಡನ್ನಿನ ವೈದ್ಯರು 2006ರಲ್ಲಿ ವರದಿ ಮಾಡಿದರು. ಎಳೆದು ಅಳೆದಾಗ ಸಿಕ್ಕ ಸರಾಸರಿ ಹೆಚ್ಚಳ 1.3 ಸೆಂಟಿಮೀಟರ್, ಒಂದು ಹುಣಸೆ ಬೀಜದಷ್ಟು. ಕೆಲವರಿಗೆ ಇದ್ದದ್ದೂ ಗಿಡ್ಡವಾಯಿತು. ತೃಪ್ತರಾದವರು ಶೇ 35. ಕೊಬ್ಬು ತುಂಬಿ ದಪ್ಪ ಮಾಡುವುದೂ ಸುರಕ್ಷಿತವೆಂದು ಸಾಬೀತಾಗಿಲ್ಲ ಎನ್ನುವುದು ಅಮೆರಿಕದ ಮೂತ್ರಶಾಸ್ತ್ರಜ್ಞರ ಸಂಘದ ನಿಲುವು.

ಆದರೂ ಮಾಡಿಸುವೆನೆನ್ನುವವನು ಕೇಳಬೇಕಾದ್ದು: ಕ್ಲಿನಿಕ್‌ಗೆ ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯ (ಕೆಪಿಎಂಇ) ನೋಂದಣಿ ಇದೆಯೇ, ಕಾಯ್ದೆ ಹೇಳುವಂತೆ ದರಪಟ್ಟಿ ಗೋಡೆಯ ಮೇಲಿದೆಯೇ, ಕೈಹಾಕುವವರು ಯುರಾಲಜಿ ಓದಿದವರೇ. ಶುಗರ್, ಬೀಡಿ, ರಕ್ತ ತೆಳು ಮಾಡುವ ಮಾತ್ರೆ ಯಾವುದನ್ನೂ ಮುಚ್ಚಿಡಬಾರದು. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ನೆರವಾಗುವ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಕಾರ್ಡು ಅಂದದ ಶಸ್ತ್ರಚಿಕಿತ್ಸೆಗೆ ನಡೆಯುವುದಿಲ್ಲ. ಚಿಕಿತ್ಸೆಗಿರುವ ಜಿಎಸ್‌ಟಿ ವಿನಾಯಿತಿಯೂ ಅದಕ್ಕಿಲ್ಲ. ಶೇ 18 ತೆರಿಗೆ. ಬಿಲ್ಲು ಒಂದು ಲಕ್ಷವಾದರೆ ತೆರಿಗೆಯೇ 18,000. ಅದರಲ್ಲಿ ಹದಿನಾರು ಗಂಡಸರಿಗೆ ತಲಾ 1,100 ಕೊಟ್ಟರೂ 400 ರೂಪಾಯಿ ಮಿಗುತ್ತದೆ, ಒಂದು ದಿನದ ಕೂಲಿ ಮತ್ತು ಚಹಾ ಖರ್ಚು.